ಅಮೆರಿಕನ್ ಅಧ್ಯಯನದ ಒಳಗೆ ಮಾಧ್ಯಮ ಮತ್ತು ಸಂವಹನ: ಹಾಸನದ ವಿದ್ಯಾರ್ಥಿಗೆ ಅದು ತಕ್ಕ ಓದೇ?

ಪ್ರಶ್ನೆ: ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಾಲೇಜೊಂದರಲ್ಲಿ ಇತಿಹಾಸ ಮತ್ತು ಪತ್ರಿಕೋದ್ಯಮವನ್ನು ಪ್ರಧಾನ ವಿಷಯಗಳಾಗಿ ಓದುತ್ತಿದ್ದೇನೆ. ಸ್ನಾತಕೋತ್ತರ ಪದವಿಗಾಗಿ ವಿಚಾರಿಸುತ್ತಿದ್ದಾಗ, ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮಾಧ್ಯಮ ಮತ್ತು ಸಂವಹನವನ್ನು ಪ್ರತ್ಯೇಕ ವಿಭಾಗದಲ್ಲಿ ಮಾತ್ರವಲ್ಲದೆ, ‘ಅಮೆರಿಕನ್ ಅಧ್ಯಯನ’ ಎಂಬ ಅಂತರ್‌ಶಿಸ್ತೀಯ ವಿಭಾಗದೊಳಗೂ ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು ಎಂದು ತಿಳಿಯಿತು. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ, ಕಾನೂನು ಇವೆಲ್ಲವನ್ನೂ ಒಟ್ಟಿಗಿಟ್ಟುಕೊಂಡು ಪತ್ರಿಕೆ, ರೇಡಿಯೋ, ದೂರದರ್ಶನ, ಅಂತರ್ಜಾಲಗಳನ್ನು ಓದುವ ಈ ಕ್ರಮ ನನ್ನ ಮನಸ್ಸಿಗೆ ಬಹಳ ಹಿಡಿಸಿದೆ.

ಆದರೆ ಕೆಲವು ಸಂಶಯಗಳು ಕಾಡುತ್ತಿವೆ. ಪತ್ರಿಕೋದ್ಯಮದ ಎಂ.ಎ.ಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸವೇನು? ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಿ, ಯಾವುದರಲ್ಲೂ ಆಳವಿಲ್ಲದೆ ಹೊರಬರುವ ಅಪಾಯವಿದೆಯೇ? ನಮ್ಮದು ಆಲೂಗೆಡ್ಡೆ, ಶುಂಠಿ ಬೆಳೆಯುವ ಮನೆ. “ಅಷ್ಟು ಸಾಲ ಮಾಡಿ ಅಮೆರಿಕಕ್ಕೆ ಹೋಗಿ, ಅಮೆರಿಕವನ್ನೇ ಓದಿಕೊಂಡು ಬಂದರೆ ಹಾಸನದಲ್ಲಿ ಅದರಿಂದ ಏನಾಗಬೇಕು?” ಎಂದು ಅಪ್ಪ ಕೇಳುತ್ತಾರೆ. ಅವರು ಬೇಡವೆನ್ನುತ್ತಿಲ್ಲ, ಉತ್ತರ ಕೇಳುತ್ತಿದ್ದಾರೆ. ನನ್ನ ಬಳಿ ಸರಿಯಾದ ಉತ್ತರವಿಲ್ಲ. ಇದಲ್ಲದೆ, ಅರ್ಜಿಯ ಜೊತೆ ಕೊಡಬೇಕಾದ ಉದ್ದೇಶಪತ್ರದಲ್ಲಿ ನನ್ನ ಸಂಶೋಧನಾ ಆಸಕ್ತಿಯನ್ನು ಹೇಳಬೇಕಾಗಿದೆ. ಅಮೆರಿಕದ ಮಾಧ್ಯಮದ ಬಗ್ಗೆ ಅಲ್ಲಿನವರಿಗೇ ಗೊತ್ತಿಲ್ಲದ ಯಾವ ಪ್ರಶ್ನೆಯನ್ನು ಇಲ್ಲಿಂದ ಹೋಗುವ ನಾನು ಕೇಳಬಲ್ಲೆ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಚಿಕ್ಕಮಗಳೂರು

ನಿಮ್ಮ ತಂದೆಯವರ ಪ್ರಶ್ನೆ ಬಹಳ ಸರಿಯಾದದ್ದು. ನನ್ನ ಕಾಲದಲ್ಲಿ ಅದನ್ನು ಅಷ್ಟು ನೇರವಾಗಿ ಕೇಳಿದವರು ಕಡಿಮೆ. ಭಾರತದಲ್ಲಿ ಅಮೆರಿಕನ್ ಅಧ್ಯಯನಕ್ಕೆ ಒಂದು ದೊಡ್ಡ ನೆಲೆ ಇತ್ತು. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರ ಆರಂಭವಾಯಿತು. ದೇಶದ ಮೂಲೆಮೂಲೆಗಳಿಂದ ನಮ್ಮಂಥ ಕಾಲೇಜು ಅಧ್ಯಾಪಕರು ರಜೆಯಲ್ಲಿ ಅಲ್ಲಿಗೆ ಹೋಗಿ, ಅಲ್ಲೇ ಉಳಿದು, ಆ ಗ್ರಂಥಾಲಯದಲ್ಲಿ ಓದಿ ಬರುತ್ತಿದ್ದೆವು. ನಮ್ಮ ಊರುಗಳಲ್ಲಿ ಕಣ್ಣಿಗೂ ಬೀಳದ ಪುಸ್ತಕಗಳು, ನಿಯತಕಾಲಿಕೆಗಳು ಅಲ್ಲಿ ಕೈಗೆ ಸಿಗುತ್ತಿದ್ದವು. ಅದು ಶೀತಲ ಸಮರದ ಕಾಲ. ತನ್ನ ಸಾಹಿತ್ಯ, ಇತಿಹಾಸಗಳನ್ನು ಬೇರೆ ದೇಶಗಳು ಓದಬೇಕೆಂದು ಅಮೆರಿಕ ಸರ್ಕಾರ ಬಯಸಿ ಹಣ ಹಾಕಿತ್ತು. ವಿದ್ವಾಂಸರ, ವಿದ್ಯಾರ್ಥಿಗಳ ವಿನಿಮಯಕ್ಕಾಗಿ 1950ರಲ್ಲಿ ಭಾರತದೊಂದಿಗೆ ಆದ ಫುಲ್‌ಬ್ರೈಟ್ ಒಪ್ಪಂದವೂ, 1960ರಿಂದ ದೆಹಲಿಯಲ್ಲಿ ಪ್ರಕಟವಾಗತೊಡಗಿದ ‘ಸ್ಪ್ಯಾನ್’ ಪತ್ರಿಕೆಯೂ ಇದೇ ಪ್ರಯತ್ನದ ಭಾಗಗಳು. ಇದನ್ನು ದೂರಾಗಿ ಹೇಳುತ್ತಿಲ್ಲ. ಒಂದು ದೇಶ ತನ್ನ ಬಗ್ಗೆ ಹೊರಗಿನವರಿಗೆ ಹೇಗೆ ಹೇಳಿಕೊಳ್ಳುತ್ತದೆ ಎಂಬುದೇ ಸಂವಹನ ಅಧ್ಯಯನದ ಒಂದು ಮುಖ್ಯ ಪ್ರಶ್ನೆ. ಈ ಅಧ್ಯಯನ ನಮ್ಮ ದೇಶಕ್ಕೆ ಬಂದ ಬಗೆಯೇ ಆ ಪ್ರಶ್ನೆಗೆ ಒಂದು ಉದಾಹರಣೆ.

ಅಮೆರಿಕದೊಳಗೂ ಈ ವಿಷಯ ಒಂದೇ ರೀತಿಯಾಗಿ ಉಳಿದಿಲ್ಲ. 1940ರ ಸುಮಾರಿಗೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯ ಮತ್ತು ಇತಿಹಾಸವನ್ನು ಬೆಸೆದು ‘ಅಮೆರಿಕದ ಮನಸ್ಸು’ ಯಾವುದೆಂದು ಹುಡುಕುವ ಓದಾಗಿ ಇದು ಬೆಳೆಯಿತು. 1951ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೂ ಆಯಿತು. ಆಗಿನ ಬಹುಪಾಲು ವಿದ್ವಾಂಸರು ಓದುತ್ತಿದ್ದದ್ದು ದೊಡ್ಡ ಲೇಖಕರನ್ನು, ಅವರಲ್ಲೂ ಹೆಚ್ಚಾಗಿ ಬಿಳಿಯ ಗಂಡಸರನ್ನು. ನಾಗರಿಕ ಹಕ್ಕುಗಳ ಚಳವಳಿ ಮತ್ತು ಸ್ತ್ರೀವಾದದ ನಂತರ ಪ್ರಶ್ನೆ ತಿರುಗಿತು. ಯಾರ ಅಮೆರಿಕ, ಯಾರ ಬಾಯಿಂದ ಹೇಳಿದ ಅಮೆರಿಕ ಎಂದು ಕೇಳತೊಡಗಿದರು. ಮಾಧ್ಯಮ ಈ ವಿಭಾಗದ ನಡುಮನೆಗೆ ಬಂದದ್ದು ಆ ತಿರುವಿನಲ್ಲಿ ಎಂಬುದು ನನ್ನ ತಿಳಿವಳಿಕೆ.

ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 1821ರ ಸುಮಾರಿಗೆ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದ ಸಿಕ್ವೋಯಾ ಎಂಬಾತ ತನ್ನ ಭಾಷೆಗೆ ಸ್ವಂತ ಲಿಪಿಯೊಂದನ್ನು ರೂಪಿಸಿದ. ನಮ್ಮ ಕಾಗುಣಿತದಂತೆ ಒಂದೊಂದು ಅಕ್ಷರವೂ ಒಂದೊಂದು ಉಚ್ಚಾರವನ್ನು ಪೂರ್ತಿಯಾಗಿ ಸೂಚಿಸುವ ಲಿಪಿ ಅದು. 1828ರಲ್ಲಿ ಜಾರ್ಜಿಯಾದ ನ್ಯೂ ಎಕೋಟಾ ಎಂಬಲ್ಲಿ ಚೆರೋಕಿ ಜನಾಂಗದ ಆಡಳಿತ ಸಭೆಯೇ ‘ಚೆರೋಕಿ ಫೀನಿಕ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿತು. ಅದಕ್ಕೆ ಬೇಕಾದ ಅಚ್ಚುಮೊಳೆಗಳನ್ನು ಬೋಸ್ಟನ್ನಿನಲ್ಲಿ ಎರಕ ಹೊಯ್ಯಿಸಿ ತರಲಾಯಿತು. ಆ ಪತ್ರಿಕೆಯ ಪುಟವನ್ನು ನೋಡಿದರೆ ಒಂದು ಅಂಕಣದಲ್ಲಿ ಇಂಗ್ಲಿಷ್, ಪಕ್ಕದ ಅಂಕಣದಲ್ಲಿ ಚೆರೋಕಿ. ಯಾವ ಸುದ್ದಿ ಎರಡೂ ಭಾಷೆಗಳಲ್ಲಿದೆ, ಯಾವುದು ಇಂಗ್ಲಿಷಿನಲ್ಲಿ ಮಾತ್ರ ಇದೆ ಎಂದು ಗಮನಿಸುತ್ತಾ ಹೋದರೆ, ಸಂಪಾದಕರು ಯಾವ ಮಾತನ್ನು ತಮ್ಮ ಜನರಿಗೆ ಹೇಳುತ್ತಿದ್ದರು, ಯಾವುದನ್ನು ವಾಷಿಂಗ್ಟನ್ನಿನ ಓದುಗರಿಗೆ ಹೇಳುತ್ತಿದ್ದರು ಎಂಬುದು ಕಾಣತೊಡಗುತ್ತದೆ. ಅವರನ್ನು ಆ ನೆಲದಿಂದ ಎಬ್ಬಿಸುವ ಕಾನೂನು 1830ರಲ್ಲಿ ಬಂತು. 1835ರಲ್ಲಿ ಜಾರ್ಜಿಯಾದ ಪಡೆ ಮುದ್ರಣಯಂತ್ರವನ್ನೇ ಹೊತ್ತೊಯ್ದಿತು. ಈ ಒಂದು ಪತ್ರಿಕೆಯನ್ನು ಓದಲು ಭಾಷಾಶಾಸ್ತ್ರ, ಕಾನೂನಿನ ಇತಿಹಾಸ, ಮಿಷನರಿಗಳ ಇತಿಹಾಸ, ಮುದ್ರಣ ತಂತ್ರ ಎಲ್ಲವೂ ಬೇಕು. ಅಂತರ್‌ಶಿಸ್ತೀಯತೆ ಎಂದರೆ ಇದೇ. ವಸ್ತು ಎದುರಿಗೆ ಬಂದು ನಿಂತಾಗ ಅದಕ್ಕೆ ಬೇಕಾದಷ್ಟು ಶಿಸ್ತುಗಳನ್ನು ಕಲಿಯಲೇಬೇಕಾಗುತ್ತದೆ. ಆದ್ದರಿಂದ ಆಳವಿಲ್ಲದಂತಾಗುವ ಭಯ ವಿಷಯವಿಲ್ಲದೆ ಹೋದವರಿಗೆ ಇರಬೇಕೇ ಹೊರತು, ವಿಷಯ ಹಿಡಿದು ಹೋದವರಿಗಲ್ಲ.

ಇಲ್ಲಿಂದ ಹೋಗುವವರು ಏನು ಕೇಳಬಲ್ಲರು ಎಂದಿರಿ. ಫೀನಿಕ್ಸ್ ಹೊರಟ 15 ವರ್ಷಗಳ ನಂತರ, 1843ರಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ವನ್ನು ತಂದರು. ಅದು ಕನ್ನಡದ ಮೊದಲ ಪತ್ರಿಕೆ. ಎರಡರ ಹಿಂದೆಯೂ ಮಿಷನರಿಗಳ ಸಹಾಯವಿದೆ, ಆದರೆ ಒಂದನ್ನು ನಡೆಸಿದ್ದು ಆ ಜನಾಂಗದ ಸಭೆ, ಇನ್ನೊಂದನ್ನು ನಡೆಸಿದ್ದು ಮಿಷನ್. ಈ ವ್ಯತ್ಯಾಸದಿಂದ ಎರಡೂ ಪತ್ರಿಕೆಗಳ ದನಿ ಹೇಗೆ ಬೇರೆಯಾಯಿತು ಎಂದು ಕೇಳಲು ಕನ್ನಡ ಬಲ್ಲ ವಿದ್ಯಾರ್ಥಿಯೇ ಬೇಕು. ನಿಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಅಮೆರಿಕ ಪ್ರವಾಸಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತಿರಬೇಕು. ಹಾಸನದ ಕಣ್ಣಿನಿಂದ ಅಮೆರಿಕವನ್ನು ನೋಡುವ ಪರಂಪರೆ ನಿಮ್ಮಲ್ಲಿ ಮೊದಲೇ ಇದೆ.

ಉತ್ತರ: ಅಮೆರಿಕನ್ ಅಧ್ಯಯನದಲ್ಲಿ ಎಂ.ಎ. ಮಾಡಿದವನು, ಸಕಲೇಶಪುರ

ಮೇಲಿನ ಉತ್ತರ ಬರೆದ ಹಿರಿಯರಿಗೆ ನಮಸ್ಕಾರ. ನಾನು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ನೀವು ಕೇಳುತ್ತಿರುವ ಬಗೆಯ ಓದನ್ನೇ ಮುಗಿಸಿ ಬಂದವನು. ತರಗತಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳುವುದು ನಿಮಗೆ ಹೆಚ್ಚು ಉಪಯೋಗವಾಗಬಹುದು.

ಪತ್ರಿಕೋದ್ಯಮದ ಎಂ.ಎ.ಯಲ್ಲಿ ವರದಿ ಬರೆಯುವುದು, ಕ್ಯಾಮೆರಾ ಹಿಡಿಯುವುದು, ಸಂಪಾದನೆ ಮಾಡುವುದು ಕಲಿಕೆಯ ಕೇಂದ್ರ. ಅಮೆರಿಕನ್ ಅಧ್ಯಯನದಲ್ಲಿ ಅವು ಇಲ್ಲವೆಂದೇ ತಿಳಿಯಿರಿ. ಅಲ್ಲಿ ಮಾಧ್ಯಮ ಒಂದು ಸಾಕ್ಷ್ಯ. ಒಂದು ಚಿತ್ರವನ್ನೋ ಪ್ರಸಾರವನ್ನೋ ಜಾಹೀರಾತನ್ನೋ ಮೇಜಿನ ಮೇಲಿಟ್ಟು, ಇದನ್ನು ಯಾರು ಮಾಡಿದರು, ಯಾರ ಹಣದಲ್ಲಿ, ಯಾವ ದಾರಿಯಲ್ಲಿ ಇದು ಜನರ ಕೈಗೆ ತಲುಪಿತು, ಕಂಡವರು ಇದನ್ನಿಟ್ಟುಕೊಂಡು ಏನು ಮಾಡಿದರು ಎಂದು ಕೇಳುತ್ತಾರೆ.

ನಮ್ಮ ಸೆಮಿನಾರಿನಲ್ಲಿ ಎಮೆಟ್ ಟಿಲ್ ಪ್ರಕರಣವನ್ನು ಓದಿದ ಬಗೆಯನ್ನು ಹೇಳುತ್ತೇನೆ. ಷಿಕಾಗೋದ 14 ವರ್ಷದ ಕಪ್ಪು ಹುಡುಗ 1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯ ನೆಂಟರ ಊರಿಗೆ ಹೋಗಿದ್ದಾಗ ಬಿಳಿಯರು ಅವನನ್ನು ಹಿಂಸಿಸಿ ಕೊಂದರು. ತಾಯಿ ಮೇಮಿ ಟಿಲ್ ಶವಪೆಟ್ಟಿಗೆಯನ್ನು ಮುಚ್ಚಲು ಒಪ್ಪಲಿಲ್ಲ. ಮಗನ ಮುಖ ಏನಾಗಿದೆಯೆಂದು ಜಗತ್ತು ನೋಡಲಿ ಎಂದು ನಿರ್ಧರಿಸಿದರು. ಆ ಚಿತ್ರವನ್ನು ಕಪ್ಪು ಜನರ ವಾರಪತ್ರಿಕೆ ‘ಜೆಟ್’ ಪ್ರಕಟಿಸಿತು, ಬಿಳಿಯರ ದೊಡ್ಡ ಪತ್ರಿಕೆಗಳು ಪ್ರಕಟಿಸಲಿಲ್ಲ. ಮೊದಲು ನಾವು ಆ ಸಂಚಿಕೆಯನ್ನೇ ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪತ್ರಿಕೆ ಅದು. ಆ ಚಿತ್ರದ ಹಿಂದೆ ಮುಂದೆ ಸಿನಿಮಾ ತಾರೆಯರು, ಮದುವೆಗಳು, ಸೌಂದರ್ಯವರ್ಧಕಗಳ ಜಾಹೀರಾತು. ಆಮೇಲೆ ವಿಚಾರಣೆಯ ಇತಿಹಾಸವನ್ನು ಓದಿದೆವು. ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳಿಬ್ಬರನ್ನೂ ಬಿಡುಗಡೆ ಮಾಡಿತು. ಒಮ್ಮೆ ಬಿಡುಗಡೆಯಾದವರನ್ನು ಅದೇ ಆರೋಪದ ಮೇಲೆ ಮತ್ತೆ ವಿಚಾರಣೆಗೆ ಒಳಪಡಿಸುವಂತಿಲ್ಲ. 1956ರ ಜನವರಿಯಲ್ಲಿ ‘ಲುಕ್’ ಎಂಬ ದೊಡ್ಡ ಪ್ರಸಾರದ ಪತ್ರಿಕೆ ಅವರಿಗೆ ಹಣ ಕೊಟ್ಟು ಅವರ ಬಾಯಿಂದಲೇ ತಪ್ಪೊಪ್ಪಿಗೆಯನ್ನು ಬರೆಸಿತು. ಅವರು ಕಟ್ಟಿದ ಆ ಕಥೆಯಲ್ಲಿ ಎಷ್ಟೋ ಸಂಗತಿಗಳು ಸುಳ್ಳೆಂದು ನಂತರದ ಸಂಶೋಧನೆ ತೋರಿಸಿತು, ಆದರೂ ದಶಕಗಳ ಕಾಲ ಅದೇ ಅಧಿಕೃತ ಕಥೆಯಂತೆ ಓಡಾಡಿತು. ಕೊನೆಗೆ ನಾವು ಕೇಳಿಕೊಂಡ ಪ್ರಶ್ನೆ ವಿತರಣೆಯದು: ‘ಜೆಟ್’ ಯಾವ ಕ್ಷೌರದಂಗಡಿಗಳಲ್ಲಿ, ಯಾವ ಬ್ಯೂಟಿ ಪಾರ್ಲರುಗಳಲ್ಲಿ ಕೈಯಿಂದ ಕೈಗೆ ದಾಟಿತು, ಒಂದು ಪ್ರತಿಯನ್ನು ಎಷ್ಟು ಕಣ್ಣುಗಳು ನೋಡಿರಬಹುದು. ಒಂದೇ ಚಿತ್ರಕ್ಕೆ ನ್ಯಾಯಶಾಸ್ತ್ರವೂ ಬೇಕಾಯಿತು, ವ್ಯಾಪಾರದ ಇತಿಹಾಸವೂ ಬೇಕಾಯಿತು, ತಾಯಿಯೊಬ್ಬಳ ನಿರ್ಧಾರವನ್ನು ಅರ್ಥಮಾಡಿಕೊಳ್ಳುವ ಸೂಕ್ಷ್ಮತೆಯೂ ಬೇಕಾಯಿತು. ನನ್ನ ಮಟ್ಟಿಗೆ ಆ ಎರಡು ವರ್ಷಗಳ ಓದನ್ನು ಸಾರ್ಥಕಗೊಳಿಸಿದ್ದು ಇಂಥ ತರಗತಿಗಳು.

ಇನ್ನೊಂದು ವಿಷಯವನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಅಮೆರಿಕದಲ್ಲಿ ಸಂವಹನ ಅಧ್ಯಯನಕ್ಕೆ ಎರಡು ಬೇರುಗಳಿವೆ. ಒಂದು ಸಮೀಕ್ಷೆ, ಅಂಕಿಸಂಖ್ಯೆಗಳ ದಾರಿ. ಅಯೋವಾದ ರೈತರು ಹೊಸ ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಯಾರ ಮಾತು ಕೇಳಿ ಬಿತ್ತಿದರು ಎಂದು ರಯಾನ್ ಮತ್ತು ಗ್ರಾಸ್ ಎಂಬಿಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ವ್ಯಾಪಾರಿಯಿಂದ ಸುದ್ದಿ ಬಂದರೂ ನಂಬಿಕೆ ಹುಟ್ಟಿದ್ದು ನೆರೆಹೊರೆಯವರಿಂದ ಎಂಬುದು ಅವರು ಕಂಡದ್ದು. ಅದೇ ಅಯೋವಾದ ಕೃಷಿಕ ಮನೆತನದ ಎವರೆಟ್ ರೋಜರ್ಸ್ 1962ರಲ್ಲಿ ಇದನ್ನು ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ನಮ್ಮ ಕೃಷಿ ವಿಸ್ತರಣಾ ಶಿಕ್ಷಣದ ಪಠ್ಯಗಳಲ್ಲಿ ಇಂದಿಗೂ ಅದನ್ನು ಕಲಿಸುತ್ತಾರೆ. ಹೊಸ ಬಿತ್ತನೆ ಆಲೂಗೆಡ್ಡೆಯ ವಿಷಯದಲ್ಲಿ ನಿಮ್ಮ ತಂದೆಯವರು ಯಾರ ಮಾತನ್ನು ನಂಬುತ್ತಾರೆ ಎಂದು ಅವರನ್ನೇ ಕೇಳಿ ನೋಡಿ. ಈ ಓದಿಗೂ ಹಾಸನಕ್ಕೂ ಏನು ಸಂಬಂಧ ಎಂಬ ಅವರ ಪ್ರಶ್ನೆಗೆ ಅಲ್ಲಿಂದಲೇ ಮಾತು ಶುರುವಾಗಬಹುದು. ಎರಡನೆಯ ಬೇರು ಸಂಸ್ಕೃತಿಯದು. ಸಂವಹನ ಎಂದರೆ ಸುದ್ದಿಯನ್ನು ಸಾಗಿಸುವುದಷ್ಟೇ ಅಲ್ಲ, ಒಂದು ಸಮುದಾಯ ತನ್ನನ್ನು ತಾನು ಕಟ್ಟಿಕೊಳ್ಳುವ ಆಚರಣೆಯೂ ಹೌದು ಎಂದು ಜೇಮ್ಸ್ ಕೇರಿ 1970ರ ದಶಕದಲ್ಲಿ ವಾದಿಸಿದರು. ಅಮೆರಿಕನ್ ಅಧ್ಯಯನದೊಳಗಿನ ಮಾಧ್ಯಮ ಓದು ಹೆಚ್ಚಾಗಿ ಈ ಎರಡನೆಯ ಬೇರಿನದು. ಅಂಕಿಸಂಖ್ಯೆಯ ಕೆಲಸ ನಿಮಗೆ ಇಷ್ಟವಾದರೆ ಸಂವಹನ ವಿಭಾಗಕ್ಕೇ ಹೋಗುವುದು ಲೇಸು.

ಹಣದ ಮಾತು. ಅಮೆರಿಕದಲ್ಲಿ ಪಿಎಚ್.ಡಿ.ಗೆ ಬೋಧನಾ ಸಹಾಯಕರಾಗಿ ಶುಲ್ಕ ವಿನಾಯಿತಿ ಮತ್ತು ವೇತನ ಸಿಗುವುದು ಸಾಮಾನ್ಯ, ಎಂ.ಎ.ಗೆ ಅದು ಅಪರೂಪ. ಓದು ಮುಗಿದ ಮೇಲೆ ಕೆಲಸ ಮಾಡಲು ಈಗಿನ ನಿಯಮದಂತೆ 12 ತಿಂಗಳ ಅವಕಾಶವಿದೆ. ವಿಜ್ಞಾನ ಮತ್ತು ತಂತ್ರಜ್ಞಾನದ ಪದವಿಗಳಿಗೆ ಸಿಗುವ ಹೆಚ್ಚುವರಿ 24 ತಿಂಗಳು ಅಮೆರಿಕನ್ ಅಧ್ಯಯನಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಅಲ್ಲೇ ದುಡಿದು ಸಾಲ ತೀರಿಸುತ್ತೇನೆ ಎಂಬ ಲೆಕ್ಕದ ಮೇಲೆ ಜಮೀನು ಅಡವಿಡಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನಿಮ್ಮದು ಮೂರು ವರ್ಷದ ಪದವಿಯಾದರೆ, ಅದನ್ನು ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ, ನಾಲ್ಕು ವರ್ಷ ಬೇಕೆನ್ನುವವೂ ಇವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಪ್ರವೇಶ ಕಚೇರಿಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್ ಕೆಲವು ವರ್ಷಗಳ ಕೆಲಸದ ಅನುಭವ ಇರುವವರಿಗೆ ಮೀಸಲು, ಆದ್ದರಿಂದ ಅದು ಈಗಲೇ ನಿಮಗಲ್ಲ.

ಯುರೋಪನ್ನೂ ಮರೆಯಬೇಡಿ. ಬರ್ಲಿನ್‌ನ ಮುಕ್ತ ವಿಶ್ವವಿದ್ಯಾಲಯದ ಜಾನ್ ಎಫ್. ಕೆನಡಿ ಸಂಸ್ಥೆ 1963ರಿಂದ ಉತ್ತರ ಅಮೆರಿಕದ ಅಧ್ಯಯನಕ್ಕೇ ಮೀಸಲಾಗಿದೆ. ಸಂಸ್ಕೃತಿ, ಸಾಹಿತ್ಯ, ಇತಿಹಾಸ, ರಾಜಕೀಯ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಒಂದೇ ಸೂರಿನಡಿ ಇವೆ. ಬರ್ಲಿನ್ನಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಇಂಥ ಪದವಿಗೆ ಬೋಧನಾ ಶುಲ್ಕವಿಲ್ಲ, ಮುಖ್ಯವಾಗಿ ಜೀವನವೆಚ್ಚವನ್ನು ನೋಡಿಕೊಳ್ಳಬೇಕು. ಅಮೆರಿಕವನ್ನು ಹೊರಗಿನಿಂದ ನಿಂತು ಓದುವುದಕ್ಕೆ ಅದರದೇ ಆದ ಲಾಭವಿದೆ.

ಉತ್ತರ: ಪತ್ರಕರ್ತ, ಹಾಸನ

ಇಬ್ಬರೂ ಬರೆದದ್ದನ್ನು ಓದಿ ಸಂತೋಷವಾಯಿತು. ನಾನು ಕೆಲಸದ ದೃಷ್ಟಿಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ನಿಮ್ಮ ಗುರಿ ವರದಿಗಾರಿಕೆಯಾದರೆ ಈ ಪದವಿಗಾಗಿ ಹೋಗಬೇಡಿ. ಜಿಲ್ಲಾ ಮಟ್ಟದ ಪತ್ರಿಕೆಯೊಂದರಲ್ಲಿ ಒಂದು ವರ್ಷ ನ್ಯಾಯಾಲಯ, ಎಪಿಎಂಸಿ, ಜಿಲ್ಲಾ ಪಂಚಾಯಿತಿ ಸುತ್ತಿದರೆ ಕಲಿಯುವುದು ಹೆಚ್ಚು. ಅಧ್ಯಾಪಕಿಯಾಗುವ ಆಸೆಯಿದ್ದರೆ ಈಗಲೇ ಯುಜಿಸಿ ನೆಟ್ ಪರೀಕ್ಷೆಯ ವಿಷಯಪಟ್ಟಿಯನ್ನು ನೋಡಿ. ಅಲ್ಲಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ ಒಂದು ವಿಷಯ. ಅಮೆರಿಕನ್ ಅಧ್ಯಯನ ಬರುವುದು ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಅಧ್ಯಯನಗಳ ಗುಂಪಿನಲ್ಲಿ. ನಮ್ಮ ಕಾಲೇಜುಗಳ ಪತ್ರಿಕೋದ್ಯಮ ವಿಭಾಗಕ್ಕೆ ಅರ್ಜಿ ಹಾಕಿದ ದಿನ ನಿಮ್ಮ ಪದವಿ ಯಾವ ವಿಷಯಕ್ಕೆ ಸಮಾನ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂಕಪಟ್ಟಿಯಲ್ಲಿ ಮಾಧ್ಯಮದ ಕೋರ್ಸುಗಳ ಹೆಸರು ಸ್ಪಷ್ಟವಾಗಿ ಕಾಣುವಂತೆ ಆರಿಸಿಕೊಳ್ಳಿ. ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಪಡೆಯುವುದನ್ನೂ ಮರೆಯಬೇಡಿ.

ಆದರೂ ಈ ಓದು ನಮಗೆ ಬೇಕು ಎನ್ನುವವರ ಪಕ್ಷ ನನ್ನದು. ಹಾಸನದ ಒಂದು ಹಳ್ಳಿಯಲ್ಲಿ ಸುಳ್ಳು ಸುದ್ದಿ ಹಬ್ಬಿದರೆ ಅದು ಹಬ್ಬುವುದು ವಾಟ್ಸ್‌ಆ್ಯಪ್ ಅಥವಾ ಯೂಟ್ಯೂಬ್ ಮೂಲಕ. ಎರಡೂ ಅಮೆರಿಕದ ಕಂಪನಿಗಳ ಕೈಯಲ್ಲಿವೆ. ಬಳಕೆದಾರರು ಹಾಕಿದ ಮಾತಿಗೆ ಕಂಪನಿಯನ್ನು ಪ್ರಕಾಶಕನಂತೆ ಹೊಣೆ ಮಾಡುವಂತಿಲ್ಲ ಎಂದು ಅಮೆರಿಕ 1996ರಲ್ಲಿ ಮಾಡಿಕೊಂಡ ಕಾನೂನಿನ ಆಶ್ರಯದಲ್ಲಿ ಇಂಥ ಕಂಪನಿಗಳು ಬೆಳೆದವು. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮಿನಲ್ಲಿಯೂ ಷರತ್ತುಗಳೊಂದಿಗೆ ಅಂಥ ರಕ್ಷಣೆಯಿದೆ. ರೇಡಿಯೋ, ಟಿವಿ ಕೇಂದ್ರಗಳು ವಿವಾದದ ಎರಡೂ ಬದಿಗಳಿಗೆ ಜಾಗ ಕೊಡಬೇಕೆಂಬ ನಿಯಮ ಅಮೆರಿಕದಲ್ಲಿ 1949ರಿಂದ ಇದ್ದು, 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, 1987ರಲ್ಲಿ ಪ್ರಸಾರ ಆಯೋಗವೇ ಅದನ್ನು ಕೈಬಿಟ್ಟಿತು. ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ಆ ತೀರ್ಪು ಬಂದ ಮೇಲೂ ನಮ್ಮ ಸುದ್ದಿವಾಹಿನಿಗಳು ಇಂದು ಹೀಗೇಕಿವೆ ಎಂದು ಕೇಳಬೇಕಾದರೆ ಎರಡೂ ದೇಶಗಳ ಕಥೆ ಗೊತ್ತಿರಬೇಕು. ಜಿಲ್ಲಾ ಕೇಂದ್ರಗಳ ಸುದ್ದಿಮನೆಗಳಲ್ಲಿ ಅದನ್ನು ಬಲ್ಲವರು ಇಲ್ಲದಿರುವುದು ನನಗೆ ದಿನವೂ ಕಾಣುವ ಕೊರತೆ.

ಸಂಶೋಧನಾ ವಿಷಯಕ್ಕಾಗಿ ದೂರ ಹುಡುಕುತ್ತಿದ್ದೀರಿ ಎನಿಸಿತು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆಯಲ್ಲ? ಅಲ್ಲಿಂದ ನಿಯಂತ್ರಿಸಿದ ಮೊದಲ ಇನ್ಸಾಟ್ ಉಪಗ್ರಹಗಳನ್ನು ತಯಾರಿಸಿದ್ದು ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿ. ದೂರದರ್ಶನ ದೇಶದ ತುಂಬ ಹಬ್ಬಿದ್ದು ಅವುಗಳ ಮೂಲಕ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಪ್ಪನಿಗೆ ಅಯೋವಾದ ಮೆಕ್ಕೆಜೋಳದ ಬೀಜದ ಸಂಗತಿ ಓದಿ ಹೇಳಿದೆ. ಅವರು ಬಹಳ ಹೊತ್ತು ಅದರ ಬಗ್ಗೆಯೇ ಮಾತಾಡಿದರು. ಬಿತ್ತನೆ ಗೆಡ್ಡೆಯ ವಿಷಯದಲ್ಲಿ ವ್ಯಾಪಾರಿಯ ಮಾತಿಗಿಂತ ಪಕ್ಕದ ಹೊಲದವರ ಅನುಭವವನ್ನೇ ನಂಬುವುದಾಗಿ ಅವರೂ ಹೇಳಿದರು.

ಇನ್ಸಾಟ್ ವಿಷಯ ನನ್ನನ್ನು ಹಿಡಿದುಕೊಂಡಿದೆ. ಆದರೆ ಅದು ತಂತ್ರಜ್ಞಾನದ ಇತಿಹಾಸವಾಗುವುದಿಲ್ಲವೇ? ಅಮೆರಿಕನ್ ಅಧ್ಯಯನದ, ಅದರಲ್ಲೂ ಮಾಧ್ಯಮದ ಪ್ರಶ್ನೆಯಾಗಿ ಅದನ್ನು ಹೇಗೆ ರೂಪಿಸಬೇಕು ಎಂದು ಯಾರಾದರೂ ತಿಳಿಸುವಿರಾ?

ಉತ್ತರ: ಅಮೆರಿಕನ್ ಅಧ್ಯಯನದಲ್ಲಿ ಎಂ.ಎ. ಮಾಡಿದವನು, ಸಕಲೇಶಪುರ

ಅಪ್ಪಟ ಅಮೆರಿಕನ್ ಅಧ್ಯಯನದ ಪ್ರಶ್ನೆ ಅದು. ಹೇಗೆಂದು ಹೇಳುತ್ತೇನೆ.

ಮೊದಲ ಉಪಗ್ರಹ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಅಮೆರಿಕದ ಡೆಲ್ಟಾ ರಾಕೆಟ್ಟಿನಲ್ಲಿ ಹೋಯಿತು, ಕೆಲವೇ ತಿಂಗಳಲ್ಲಿ ಕೈತಪ್ಪಿತು. ಎರಡನೆಯದಾದ ಇನ್ಸಾಟ್-1ಬಿ 1983ರ ಆಗಸ್ಟ್ 30ರಂದು ‘ಚಾಲೆಂಜರ್’ ಬಾಹ್ಯಾಕಾಶ ನೌಕೆಯಲ್ಲಿ ಮೇಲೇರಿತು. ಈ ಬಗೆಯ ಮರುಬಳಕೆಯ ನೌಕೆಯೊಂದು (ಸ್ಪೇಸ್ ಶಟಲ್) ರಾತ್ರಿಯ ಹೊತ್ತು ಮೇಲೇರಿದ್ದು ಅದೇ ಮೊದಲು. ಆ ತಂಡದಲ್ಲಿದ್ದ ಗೈಯಾನ್ ಬ್ಲೂಫರ್ಡ್ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್. ಮರುದಿನ ಇನ್ಸಾಟ್-1ಬಿಯನ್ನು ನೌಕೆಯಿಂದ ಹೊರಬಿಡುವ ಕೆಲಸವನ್ನು ನಿರ್ವಹಿಸಿದವರಲ್ಲಿ ಅವರೇ ಪ್ರಮುಖರು. ಆಮೇಲೆ ಉಪಗ್ರಹದ ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಹಾಸನದ ಎಂಜಿನಿಯರುಗಳೂ ಫೋರ್ಡ್ ಕಂಪನಿಯವರೂ ಸೆಪ್ಟೆಂಬರ್ ಮಧ್ಯದವರೆಗೆ ಪ್ರಯತ್ನಿಸಿ ಅದನ್ನು ಬಿಡಿಸಿದರು. ಅಕ್ಟೋಬರ್‌ನಲ್ಲಿ ಉಪಗ್ರಹ ಸೇವೆಗೆ ಬಂತು.

ಈಗ ಮಾಧ್ಯಮದ ಕಣ್ಣಿನಿಂದ ನೋಡಿ. ಒಂದೇ ಹಾರಾಟ ಎರಡು ದೇಶಗಳಲ್ಲಿ ಎರಡು ಬೇರೆ ಸುದ್ದಿಗಳಾಯಿತು. ಅಮೆರಿಕದಲ್ಲಿ ಅದು ಬಾಹ್ಯಾಕಾಶಕ್ಕೆ ಹೋದ ತನ್ನ ಮೊದಲ ಕಪ್ಪು ಗಗನಯಾತ್ರಿಯ ಕಥೆ. ನಾಗರಿಕ ಹಕ್ಕುಗಳ ಹೋರಾಟದ ನಂತರದ ಅಮೆರಿಕ ತನ್ನ ಬಗ್ಗೆ ತಾನೇ ಹೇಳಿಕೊಳ್ಳಲು ಬಯಸಿದ ಕಥೆ. ಭಾರತದಲ್ಲಿ ಅದು ದೂರದರ್ಶನದ, ಹವಾಮಾನ ಮುನ್ಸೂಚನೆಯ, ದೂರವಾಣಿಯ ಕಥೆ. ಎಮೆಟ್ ಟಿಲ್ ಚಿತ್ರವನ್ನು ಪ್ರಕಟಿಸಿದ ‘ಜೆಟ್’ ಪತ್ರಿಕೆಯ 1983ರ ಸಂಚಿಕೆಗಳಲ್ಲಿ ಬ್ಲೂಫರ್ಡ್ ಬಗ್ಗೆ ಏನು ಬರೆದಿದ್ದಾರೆ, ಅಲ್ಲಿ ಭಾರತದ ಉಪಗ್ರಹಕ್ಕೆ ಎಷ್ಟು ಜಾಗವಿದೆ ಎಂದು ನೋಡಿ. ನಮ್ಮ ಕನ್ನಡ ದಿನಪತ್ರಿಕೆಗಳು ಅದೇ ವಾರ ಬ್ಲೂಫರ್ಡ್ ಬಗ್ಗೆ ಏನಾದರೂ ಹೇಳಿದವೇ ಎಂದು ನೋಡಿ. ಯಾವ ದೇಶದ ಮಾಧ್ಯಮ ಯಾವುದನ್ನು ಬಿಟ್ಟಿತು ಎಂಬುದೇ ನಿಮ್ಮ ಪ್ರಬಂಧದ ಬೆನ್ನೆಲುಬಾಗಬಹುದು. ಇದರ ಕನ್ನಡದ ಭಾಗವನ್ನು ಓದಬಲ್ಲವರು ಅಲ್ಲಿನ ವಿಭಾಗಗಳಲ್ಲಿ ಸಿಗುವುದು ದುರ್ಲಭ, ಆದ್ದರಿಂದ ಇದು ನಿಮ್ಮದೇ ಪ್ರಶ್ನೆ.

ಇದಕ್ಕೊಂದು ಹಿನ್ನೆಲೆಯೂ ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಸಾರ್ವಜನಿಕ ಕಟ್ಟಡದ ಬಳಿ ಕೋಳಿಬಲೆಯ ತಂತಿಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ ನಿಲ್ಲಿಸಿ, ಇಡೀ ಊರು ಒಂದೇ ಪೆಟ್ಟಿಗೆಯ ಮುಂದೆ ಕೂತು ನೋಡುವ ವ್ಯವಸ್ಥೆ ಅದು. ವರ್ಷ ಮುಗಿದ ಕೂಡಲೇ ನಾಸಾ ತನ್ನ ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡಿತು. ಎರವಲು ಪಡೆದ ಉಪಗ್ರಹದಿಂದ ಕೊಂಡ ಉಪಗ್ರಹಕ್ಕೆ, ಅಲ್ಲಿಂದ ಸ್ವಂತ ಉಪಗ್ರಹಕ್ಕೆ ನಾವು ನಡೆದ ದಾರಿಯಲ್ಲಿ ಹಾಸನ ಎರಡನೆಯ ಹೆಜ್ಜೆಯ ಊರು. ಅಭಿವೃದ್ಧಿಗಾಗಿ ಸಂವಹನ ಎಂಬ ಅಮೆರಿಕನ್ ವಿಚಾರ ನಮ್ಮ ಹಳ್ಳಿಗಳಲ್ಲಿ ಏನಾಯಿತು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚದು.

ಆಕರಗಳಿಗಾಗಿ ಪ್ರವೇಶ ಸಿಗುವವರೆಗೆ ಕಾಯಬೇಕಾಗಿಲ್ಲ. ‘ಜೆಟ್’ ಮತ್ತು ‘ಎಬೊನಿ’ ಪತ್ರಿಕೆಗಳ ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 1968ರಿಂದ ಅಮೆರಿಕದ ದೊಡ್ಡ ವಾಹಿನಿಗಳ ಸಂಜೆಯ ಸುದ್ದಿಯನ್ನು ಧ್ವನಿಚಿತ್ರಮುದ್ರಣ ಮಾಡಿಟ್ಟಿದೆ. ಆ ಸುದ್ದಿಗಳ ಸಾರಾಂಶವನ್ನು ಅಂತರ್ಜಾಲದಲ್ಲಿ ದಿನಾಂಕ ಹಾಕಿ ಹುಡುಕಬಹುದು. ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಮೌಖಿಕ ಇತಿಹಾಸ ಸಂಗ್ರಹದಲ್ಲಿ ಬ್ಲೂಫರ್ಡ್ ಅವರ ಸಂದರ್ಶನದ ಲಿಖಿತ ಪ್ರತಿ ಇದೆ. ಹಿರಿಯರು ಹೇಳಿದಂತೆ ಇನ್ನೂ ಹಿಂದಕ್ಕೆ ಹೋಗುವ ಮನಸ್ಸಿದ್ದರೆ, ಅಮೆರಿಕದ ಸಂಸತ್ ಗ್ರಂಥಾಲಯ ಹಳೆಯ ಪತ್ರಿಕೆಗಳ ಕೋಟ್ಯಂತರ ಪುಟಗಳನ್ನು ಉಚಿತವಾಗಿ ತೆರೆದಿಟ್ಟಿದೆ. ಇತ್ತ 1982 ಮತ್ತು 1983ರ ಕನ್ನಡ ಪತ್ರಿಕೆಗಳ ಸಂಪುಟಗಳನ್ನು ಗ್ರಂಥಾಲಯಗಳಲ್ಲಿ ವಿಚಾರಿಸಿ. ಆ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು ಹಾಸನದಲ್ಲೇ ನೆಲೆಸಿದ್ದರೆ, ಅವರು ಒಪ್ಪಿದರೆ, ಅವರ ಮಾತುಗಳನ್ನು ಈಗಲೇ ದಾಖಲಿಸಿಕೊಳ್ಳಿ. ಅವರು ಹೇಳಬಹುದಾದದ್ದು ಮತ್ತು ಹೇಳಬಾರದ್ದು ಯಾವುದೆಂದು ಅವರೇ ನಿರ್ಧರಿಸಲಿ.

ಉದ್ದೇಶಪತ್ರದಲ್ಲಿ ಬಾಲ್ಯದಿಂದ ಅಮೆರಿಕದ ಮೇಲೆ ಆಸಕ್ತಿ ಎಂಬಂಥ ಸಾಲುಗಳು ಬೇಡ. ಸೌರಫಲಕ ಬಿಚ್ಚಿಕೊಳ್ಳದ ಆ ಎರಡು ವಾರಗಳಲ್ಲಿ ಎರಡೂ ದೇಶಗಳ ಪತ್ರಿಕೆಗಳು ಏನು ಬರೆದವು ಎಂದು ಮೊದಲು ಒಂದು ಸಣ್ಣ ಟಿಪ್ಪಣಿ ಮಾಡಿ, ಅದರಿಂದಲೇ ಪತ್ರವನ್ನು ಆರಂಭಿಸಿ. ಕರಡು ಸಿದ್ಧವಾದಾಗ ಇಲ್ಲಿ ಹಾಕಿದರೆ ನಾನು ಓದಿ ಅಭಿಪ್ರಾಯ ಬರೆಯುತ್ತೇನೆ.